ಕೋಟಿ ಎಂದರೆ ಯಾರ ಕೋಟಿ?

‘ಮೊದಲ ವಾರದ ಗಳಿಕೆ ಒಂದು ಕೋಟಿ!’ ಎಂಬ ಪೋಸ್ಟರನ್ನು ಕಂಡ ಕಾಲೇಜು ಹುಡುಗ, ನಿರ್ಮಾಪಕನ ಜೇಬಿಗೆ ಕೋಟಿ ಬಿತ್ತೆಂದೇ ನಂಬುತ್ತಾನೆ. ‘ನಾನೂ ಸಿನಿಮಾ ತೆಗೀತೀನಿ’ ಎಂದು ಮನೆಯಲ್ಲಿ ಹಟ ಹಿಡಿಯುವುದೂ ಆ ನಂಬಿಕೆಯ ಮೇಲೆಯೇ. ಮಗನನ್ನು ಬೈಯುವ ಅಪ್ಪ ಕೂಡ ಆ ಕೋಟಿಯನ್ನು ಮಾತ್ರ ಅನುಮಾನಿಸುವುದಿಲ್ಲ. ಕ್ಲ್ಯಾಪು, ಟೇಕು, ಕ್ಲೋಸಪ್ಪು ಈಗ ಮಕ್ಕಳ ಬಾಯಲ್ಲೂ ಇವೆ. ಆದರೆ ಗಾಂಧಿನಗರದ ಕಚೇರಿಗಳಲ್ಲಿ ಓಡಾಡುವ ಲೆಕ್ಕದ ಮಾತುಗಳನ್ನು ಬಲ್ಲವರು ಕಡಿಮೆ. ಚಿತ್ರ ತೆಗೆದವನು ಉಳಿಯುವುದೂ ಮುಳುಗುವುದೂ ಆ ಮಾತುಗಳಲ್ಲಿ.

ಪೋಸ್ಟರಿನ ಕೋಟಿ ಸಾಮಾನ್ಯವಾಗಿ ‘ಗ್ರಾಸ್’. ಅಂದರೆ ಟಿಕೆಟ್ ಮಾರಾಟದಿಂದ ಬಂದ ಒಟ್ಟು ಹಣ. ತೆರಿಗೆ ಕಳೆದರೆ ‘ನೆಟ್’. ನೆಟ್ಟಿನಿಂದ ಚಿತ್ರಮಂದಿರದವರ ಪಾಲು ಹೋದರೆ ಉಳಿಯುವುದು ‘ಶೇರ್’. ಶೇರು ಬರುವುದು ಹಂಚಿಕೆದಾರನ ಕೈಗೆ. ಆತ ತನ್ನ ಕಮಿಷನ್ನು, ಪ್ರಚಾರದ ಖರ್ಚು ಮುರಿದುಕೊಂಡ ಮೇಲೆ ನಿರ್ಮಾಪಕನ ಸರದಿ. ಅಷ್ಟು ಹೊತ್ತಿಗೆ ಕೋಟಿ ಎಷ್ಟಕ್ಕೆ ಇಳಿದಿತ್ತೆಂದು ಯಾವ ಪೋಸ್ಟರೂ ಹೇಳುವುದಿಲ್ಲ, ಬಿಡಿ.

ಚಿತ್ರಮಂದಿರದ ಪಾಲಿನಲ್ಲೂ ಬಗೆಗಳುಂಟು. ಒಂಟಿ ಪರದೆಯ ಮಂದಿರಗಳಲ್ಲಿ ವಾರದ ಬಾಡಿಗೆ ಹಳೆಯ ಪದ್ಧತಿ. ಸಾವಿರ ಜನ ಬರಲಿ, ಹತ್ತೇ ಜನ ಬರಲಿ, ಬಾಡಿಗೆ ಕೊಡಲೇಬೇಕು. ಮಲ್ಟಿಪ್ಲೆಕ್ಸುಗಳಲ್ಲಿ ಶೇಕಡಾವಾರು ಲೆಕ್ಕ. ೨೦೦೯ರಲ್ಲಿ ಹಿಂದಿ ನಿರ್ಮಾಪಕರು ಸುಮಾರು ಎರಡು ತಿಂಗಳು ಮಲ್ಟಿಪ್ಲೆಕ್ಸುಗಳಿಗೆ ಹೊಸ ಚಿತ್ರ ಕೊಡದೆ ಮುನಿದದ್ದು ಈ ಪಾಲಿಗಾಗಿಯೇ. ಕೊನೆಗೆ ರಾಜಿಯಾಯಿತು: ಮೊದಲ ವಾರ ನಿರ್ಮಾಪಕ-ಹಂಚಿಕೆದಾರರಿಗೆ ಶೇ. ೫೦, ಎರಡನೆಯ ವಾರ ೪೨.೫, ಮೂರನೆಯ ವಾರ ೩೭.೫, ಆಮೇಲೆ ೩೦. ಈ ಲೆಕ್ಕದಲ್ಲಿ, ಬಾಯಿಂದ ಬಾಯಿಗೆ ಹೆಸರಾಗಿ ನಾಲ್ಕನೆಯ ವಾರ ತುಂಬುವ ಒಳ್ಳೆಯ ಚಿತ್ರಕ್ಕೇ ಏಟು ಹೆಚ್ಚು.

ಹಂಚಿಕೆಗೆ ರಾಜ್ಯವನ್ನು ‘ಏರಿಯಾ’ಗಳಾಗಿ ಸೀಳಿರುತ್ತಾರೆ. ಬಿ.ಕೆ.ಟಿ. ಎಂದರೆ ಬೆಂಗಳೂರು, ಕೋಲಾರ, ತುಮಕೂರು. ಸಿನಿಮಾದವರ ಭೂಪಟ ಬದಲಾಗುವುದು ನಿಧಾನ. ನಾಡಿಗೆ ೧೯೭೩ರಲ್ಲೇ ಕರ್ನಾಟಕವೆಂದು ಹೆಸರಾದರೂ ಹಿಂದಿ ಚಿತ್ರಗಳ ವ್ಯಾಪಾರಿಗಳಿಗೆ ಇದರ ಒಂದು ಭಾಗ ‘ಮೈಸೂರ್’. ಹೈದರಾಬಾದಿನ ಸುತ್ತಣ ಪ್ರದೇಶ ‘ನಿಜಾಂ’.

ಇನ್ನು ಒಪ್ಪಂದ. ‘ಔಟ್‌ರೈಟ್’ ಎಂದರೆ ಹಕ್ಕನ್ನು ಗೊತ್ತಾದ ಬೆಲೆಗೆ ಪೂರ್ತಿ ಮಾರಿಬಿಡುವುದು. ಲಾಭ, ನಷ್ಟ ಎರಡೂ ಕೊಂಡವನದು. ‘ಮಿನಿಮಮ್ ಗ್ಯಾರಂಟಿ’ಯಲ್ಲಿ ಹಂಚಿಕೆದಾರ ಕನಿಷ್ಠ ಇಷ್ಟು ಎಂದು ಕೊಟ್ಟುಬಿಡುತ್ತಾನೆ, ಚಿತ್ರ ಬಿದ್ದರೂ ಅದು ಹಿಂದಕ್ಕೆ ಹೋಗದು. ಅದನ್ನೂ ಕಮಿಷನ್ನನ್ನೂ ಮೀರಿ ಬಂದ ‘ಓವರ್‌ಫ್ಲೋ’ವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ.

ಎಡವುವುದು ಮೂರನೆಯದರಲ್ಲಿ: ‘ಅಡ್ವಾನ್ಸ್’. ಅದೇ ಮೊತ್ತ, ಅದೇ ಥರದ ಚೆಕ್ಕು. ಸೈಟು ಮಾರಿ ಚಿತ್ರ ಮುಗಿಸಿದವನಿಗೆ ಅದು ಬಂದ ದಿನ ಮನೆಯಲ್ಲಿ ಪಾಯಸ. ಆದರೆ ಅಡ್ವಾನ್ಸು ಸಂಪಾದನೆಯಲ್ಲ, ಸಾಲ. ಶೇರು ಅಷ್ಟು ಹುಟ್ಟದಿದ್ದರೆ ಕಡಿಮೆ ಬಿದ್ದದ್ದನ್ನು ನಿರ್ಮಾಪಕ ಹಿಂದಿರುಗಿಸಬೇಕು. ಚಿತ್ರ ಬಿಡುಗಡೆಯಾಗಿ ಎರಡನೆಯ ವಾರಕ್ಕೆ ಎತ್ತಂಗಡಿಯಾದಾಗ ಕೈಯಲ್ಲಿ ಚಿತ್ರವೂ ಇಲ್ಲ, ಸೈಟೂ ಇಲ್ಲ, ಮೇಲೆ ಹಂಚಿಕೆದಾರನ ಬಾಕಿ. ಗ್ಯಾರಂಟಿ ಎಂಬ ಒಂದು ಪದ ಕಾಗದದಲ್ಲಿ ಇತ್ತೋ ಇಲ್ಲವೋ ಎಂಬುದರ ಮೇಲೆ ಒಂದು ಸಂಸಾರದ ಗತಿ ನಿಂತಿರುತ್ತದೆ.

ಹಟ ಹಿಡಿದ ಮಗನನ್ನು ಅಪ್ಪ ಬೈಯಲಿ, ತಪ್ಪಿಲ್ಲ. ಬೈದಾದ ಮೇಲೆ ‘ಹೀರೊ ಯಾರು’ ಎನ್ನುವ ಬದಲು ‘ಡಿ.ಸಿ.ಆರ್. ಗೊತ್ತೇನೋ?’ ಎಂದು ಕೇಳಬಹುದು. ಯಾವ ಆಟಕ್ಕೆ ಎಷ್ಟು ಟಿಕೆಟ್ ಹೋಯಿತೆಂದು ಚಿತ್ರಮಂದಿರ ದಿನವೂ ಬರೆದುಕೊಡುವ ಲೆಕ್ಕವದು. ನಿರ್ಮಾಪಕನ ಶೇರು ಹುಟ್ಟುವುದು ಆ ಹಾಳೆಯಿಂದ.