ಮನೆಶಾಲೆಯ ಹೊಸ ವರ್ಷಕ್ಕೆ ನಾಲ್ಕು ಜಾಗ

ಮೇ ತಿಂಗಳು ಬಂತು ಅಂದ್ರೆ ಎಲ್ಲರ ಮನೆಯಲ್ಲೂ ಹೊಸ ಬ್ಯಾಗು, ಯೂನಿಫಾರ್ಮು, ಪುಸ್ತಕಕ್ಕೆ ಬೈಂಡ್ ಹಾಕೋ ಗಡಿಬಿಡಿ. ಸಕಲೇಶಪುರದ ಹತ್ತಿರ ಇರುವ ನಮ್ಮ ಅಕ್ಕನ ಮನೆಯಲ್ಲಿ ಇದ್ಯಾವುದೂ ಇಲ್ಲ. ಅವಳ ಒಂಬತ್ತು ವರ್ಷದ ಮಗಳು ಹೋದ ವರ್ಷದಿಂದ ಮನೆಯಲ್ಲೇ ಓದುತ್ತಿದ್ದಾಳೆ. ಇದರ ಹಿಂದೆ ದೊಡ್ಡ ಸಿದ್ಧಾಂತವೇನೂ ಇಲ್ಲ. ಅವರದು ಕಾಫಿ ತೋಟದ ಮನೆ. ಸ್ಕೂಲಿಗೆ ಹೋಗಿ ಬರೋಕೆ ದಿನಕ್ಕೆ ಮೂರು ಗಂಟೆ, ಜುಲೈ ಬಂದರೆ ಮೇಲಿಂದ ಮೇಲೆ ಮಳೆ ರಜೆ. ಮಗು ಸಂಜೆ ಊಟದ ತಟ್ಟೆ ಮುಂದೆಯೇ ತೂಕಡಿಸುತ್ತಿತ್ತು.

ಅಪ್ಪನಿಗೆ ಇದು ಒಪ್ಪಿಗೆ ಇರಲಿಲ್ಲ. ಅವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. "ಮೇಷ್ಟ್ರ ಮೊಮ್ಮಗಳೇ ಸ್ಕೂಲ್ ಬಿಟ್ಟಳು ಅಂದ್ರೆ ಊರವರಿಗೆ ಏನಮ್ಮ ಹೇಳ್ಲಿ?" ಅಂತ ಒಂದೇ ಸಲ ಕೇಳಿದರು. ಆಮೇಲೆ ವರ್ಷಪೂರ್ತಿ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಅಕ್ಕನಿಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲವೇನೋ. ಈ ಬೇಸಿಗೆಯಲ್ಲಿ ತೀರ್ಮಾನ ಆಗಬೇಕಿತ್ತು: ಇನ್ನೊಂದು ವರ್ಷ ಮನೆಯಲ್ಲೋ, ಮತ್ತೆ ಸ್ಕೂಲಿಗೋ?

ಮೊದಲ ವರ್ಷ ಅಕ್ಕ ಗೋಡೆಗೆ ಟೈಮ್‌ಟೇಬಲ್ ಅಂಟಿಸಿ, ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಪೀರಿಯಡ್ ಲೆಕ್ಕದಲ್ಲಿ ಪಾಠ ಮಾಡಿದ್ದಳು. ಅಕ್ಟೋಬರ್ ಹೊತ್ತಿಗೆ ಅಮ್ಮ, ಮಗಳು ಇಬ್ಬರೂ ಸುಸ್ತು. "ಈ ಸಲ ಮೊದಲು ಜಾಗ ನೋಡೋಣ ಕಣೋ, ಪುಸ್ತಕ ಆಮೇಲೆ," ಅಂದಳು. ಮನೆಯಿಂದ ಒಂದು ದಿನದಲ್ಲಿ ಹೋಗಿ ಬರುವಂಥ ಜಾಗಗಳನ್ನು ಈಗಲೇ ನೋಡಿಟ್ಟುಕೊಂಡು, ವರ್ಷದ ಪಾಠವನ್ನು ಅವುಗಳ ಸುತ್ತ ಕಟ್ಟುವ ಯೋಚನೆ. ನಾನು ಆಫೀಸಿಗೆ ರಜೆ ಹಾಕಿ ಡ್ರೈವರ್ ಆದೆ. ಬೇಲೂರಿನಲ್ಲಿ ದೇವರ ದರ್ಶನ ಆಗುತ್ತೆ ಅಂತ ಅಪ್ಪನೂ ಹೊರಟರು. ಭಾವ ತೋಟ ನೋಡಿಕೊಳ್ಳೋಕೆ ಉಳಿದರು.

ಮೊದಲು ಹೋಗಿದ್ದು ಮಂಜರಾಬಾದ್ ಕೋಟೆಗೆ. ಸಕಲೇಶಪುರ ಪೇಟೆಯಿಂದ ಮಂಗಳೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಿಗುತ್ತೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ ಇದು. ವಿಚಿತ್ರ ಅಂದ್ರೆ, ಒಳಗೆ ನಿಂತರೆ ನಕ್ಷತ್ರ ಕಾಣೋದೇ ಇಲ್ಲ. ಗೋಡೆ ಯಾಕೋ ಎಲ್ಲೆಲ್ಲೋ ತಿರುಗುತ್ತಿದೆ ಅನಿಸುತ್ತೆ ಅಷ್ಟೆ. ಸೊಸೆ ಗೋಡೆಯ ಗುಂಟ ನಡೆದು ಮೂಲೆ ಎಣಿಸಿದಳು. ಎರಡು ಸಲ ಲೆಕ್ಕ ತಪ್ಪಿ, ಮೂರನೇ ಸಲ ಎಂಟು ಸಿಕ್ಕಿತು. ಆಮೇಲೆ ನಾನು ಫೋನಿನಲ್ಲಿ ಸ್ಯಾಟಲೈಟ್ ಚಿತ್ರ ತೋರಿಸಿದೆ. "ಇಷ್ಟು ಕಷ್ಟಪಟ್ಟು ಯಾಕೆ ಮಾಮಾ? ಚೌಕ ಕಟ್ಟಬಹುದಿತ್ತಲ್ಲ?" ಅಂದಳು.

ಉತ್ತರ ಅಲ್ಲೇ ನೆಲದ ಮೇಲೆ ಕಡ್ಡಿಯಿಂದ ಗೀಚಿದ್ದಾಯಿತು. ನೇರ ಗೋಡೆಯ ಬುಡಕ್ಕೆ ಶತ್ರು ಅಂಟಿಕೊಂಡು ನಿಂತರೆ ಮೇಲಿದ್ದವರಿಗೆ ಕಾಣುವುದಿಲ್ಲ. ನಕ್ಷತ್ರದಲ್ಲಿ ಒಂದು ತೋಳಿನ ಬುಡ ಪಕ್ಕದ ತೋಳಿನಿಂದ ಕಾಣುತ್ತೆ, ಅಲ್ಲಿಂದ ಗುಂಡು ಹಾರಿಸಬಹುದು. ಫಿರಂಗಿಗಳ ಕಾಲದಲ್ಲಿ ಯುರೋಪಿನಲ್ಲಿ ಹರಡಿದ ವಿನ್ಯಾಸ ಇದು, ಫ್ರೆಂಚರ ವೊಬಾನ್ ಇದಕ್ಕೆ ಹೆಸರುವಾಸಿ. ಕೋನ ಅಂದ್ರೇನು ಅಂತ ಪುಸ್ತಕದಲ್ಲಿ ಎರಡು ಗೆರೆ ಎಳೆದು ಹೇಳೋದಕ್ಕೂ, ಕೋನ ತಪ್ಪಿದರೆ ಕೋಟೆ ಬಿದ್ದುಹೋಗುತ್ತೆ ಅನ್ನೋದಕ್ಕೂ ವ್ಯತ್ಯಾಸ ಇದೆ ನೋಡಿ. ಅಕ್ಕ ನೋಟ್‌ಬುಕ್‌ನಲ್ಲಿ ಬರೆದುಕೊಂಡಳು: ಜೂನ್, ಜುಲೈ - ಕೋನಗಳು.

ಮರುದಿನ ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ, 2023ರಿಂದ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲೂ ಇದೆ. ಅಕ್ಕ ಹೊಯ್ಸಳ ವಂಶಾವಳಿಯನ್ನೇ ಬರೆದು ತಂದಿದ್ದಳು. ಸೊಸೆಗೆ ರಾಜರ ಮೇಲೆ ಆಸಕ್ತಿ ಬರಲಿಲ್ಲ, ಕಲ್ಲಿನ ಮೇಲೆ ಬಂತು. ಇದು ಬಳಪದ ಕಲ್ಲು ಅಂತ ಅಪ್ಪ ಹೇಳಿದ್ದೇ ತಡ, "ನನ್ನ ಸ್ಲೇಟಿನ ಬಳಪಾನಾ?" ಅಂತ ಕಣ್ಣರಳಿಸಿದಳು. ಹೌದು, ಅದೇ ಜಾತಿಯ ಮೆದು ಕಲ್ಲು. ಮೆದುವಾಗಿರೋದಕ್ಕೇ ಶಿಲಾಬಾಲಿಕೆಯರ ಒಡವೆಯ ಎಳೆ ಎಳೆಯನ್ನೂ ಕೆತ್ತಲು ಆಗಿದ್ದು.

ಇಲ್ಲಿನ ಶಿಲ್ಪಿಗಳು ಕೆಲಸದ ಕೆಳಗೆ ತಮ್ಮ ಹೆಸರು, ಊರು ಕೆತ್ತಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಂಥವರು. ಒಳಗಿನ ಕಂಬಗಳನ್ನು ಚಕ್ರಕ್ಕೆ ಹಾಕಿ ತಿರುಗಿಸಿ ಕಡೆದಂತೆ ಉಂಗುರ ಉಂಗುರವಾಗಿ ಮಾಡಿದ್ದಾರೆ. "ಅಷ್ಟು ಭಾರದ ಕಂಬಾನ ಹೇಗೆ ತಿರುಗಿಸಿದ್ರು?" ಅಂತ ಮಗು ಕೇಳಿತು. ಎಂಜಿನಿಯರ್ ಅಂತ ಎಲ್ಲರೂ ನನ್ನ ಮುಖ ನೋಡಿದರು. ಆ ಪ್ರಶ್ನೆ ಉತ್ತರವಿಲ್ಲದೆಯೇ ನೋಟ್‌ಬುಕ್ ಸೇರಿತು. ವಂಶಾವಳಿಯ ಹಾಳೆ ಮಡಚಿ ಬ್ಯಾಗಿಗೆ ಹೋಯಿತು.

ಬೇಲೂರು ತಾಲ್ಲೂಕಿನಲ್ಲೇ ಹಲ್ಮಿಡಿ ಇದೆ. ಕನ್ನಡದ ಮೊದಲ ಶಾಸನ, ಕಾಲ ಸುಮಾರು ಕ್ರಿ.ಶ. 450. ನಾವೆಲ್ಲ ಒಂದು ಅಂಕಕ್ಕೆ ಬರೆದಿರುವ ಉತ್ತರ ಇದು. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕಿದ ಶಾಸನ ಇನ್ನೂ ಹಳೆಯದು ಅನ್ನುವ ವಾದ ಈಚೆಗೆ ಬಂದಿದೆ, ಅದು ಬೇರೆ ಮಾತು. ಹಲ್ಮಿಡಿಯ ಮೂಲ ಕಲ್ಲು ಈಗ ಅಲ್ಲಿಲ್ಲ, ಊರಿನಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ಸಣ್ಣ ಊರು, ನಾವು ಹೋದಾಗ ಬೇರೆ ಯಾರೂ ಇರಲಿಲ್ಲ.

"ತಾತ, ಇದು ಕನ್ನಡ ಅಲ್ವಲ್ಲ? ಒಂದು ಅಕ್ಷರಾನೂ ಓದೋಕಾಗಲ್ಲ," ಅಂದಳು ಸೊಸೆ. ಅಪ್ಪ ಕಲ್ಲಿನ ಮುಂದೆ ಸುಮ್ಮನೆ ನಿಂತಿದ್ದರು. "ಮೂವತ್ತು ವರ್ಷ ಇದನ್ನ ಪಾಠ ಮಾಡಿದೀನಿ ಪುಟ್ಟಾ. ನೋಡ್ತಿರೋದು ಇವತ್ತೇ," ಅಂದರು. ಆಮೇಲೆ ಮೇಷ್ಟ್ರ ದನಿ ಬಂತು. ಈ ಕಲ್ಲಿನಲ್ಲಿ ಊರಿನ ಹೆಸರು ಪಲ್ಮಿಡಿ ಅಂತ ಇದೆ, ಹಳಗನ್ನಡದ ಎಷ್ಟೋ 'ಪ'ಗಳು ಮುಂದೆ 'ಹ' ಆದವು, ಅದಕ್ಕೇ ಇವತ್ತು ಹಲ್ಮಿಡಿ. "ಈಗ ಹೇಳು, ಪಾಲು ಏನಾಯ್ತು?" "ಹಾಲು!" "ಪುಲಿ?" "ಹುಲಿ!" ಮನೆ ಸೇರುವವರೆಗೂ ಕಾರಿನಲ್ಲಿ ಇದೇ ಆಟ. ನನ್ನ ತಮಿಳು ಸಹೋದ್ಯೋಗಿಗಳು ಹಾಲಿಗೆ ಪಾಲ್ ಅನ್ನೋದು ಯಾಕೆ ಅಂತ ಸೊಸೆಯೇ ನನಗೆ ವಿವರಿಸಿದಳು.

ನಾಲ್ಕನೇ ಜಾಗ ಹುಡುಕೋಕೆ ಎಲ್ಲೂ ಹೋಗಬೇಕಾಗಲಿಲ್ಲ. ಆ ಸಂಜೆ ಗುಡುಗಿ ಮಳೆ ಬಂತು. ಮರುದಿನ ಬೆಳಗ್ಗೆ ಭಾವ ಎಂದಿನಂತೆ ಅಂಗಳದ ಮಳೆ ಅಳೆಯುವ ಡಬ್ಬಿ ನೋಡಿ ಡೈರಿಯಲ್ಲಿ ಬರೆದರು. ಮಲೆನಾಡಿನ ಬೆಳೆಗಾರರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟು ಅಂದ್ರೆ ಒಂದು ಇಂಚು, ಅಂದ್ರೆ 25.4 ಮಿಲಿಮೀಟರ್. ದಶಮಾಂಶ ಕಲಿಸೋಕೆ ಇದಕ್ಕಿಂತ ಬೇರೆ ಏನು ಬೇಕು? ಈಗ ಡೈರಿ ಬರೆಯುವ ಕೆಲಸ ಸೊಸೆಯದು. ಕಾಫಿ ಗಿಡಕ್ಕೆ ಹೂಮಳೆ ಯಾಕೆ ಬೇಕು, ಅರೇಬಿಕಾ ಮೊದಲು ಹಣ್ಣಾಗಿ ರೊಬಸ್ಟಾ ಆಮೇಲೆ ಯಾಕೆ ಅನ್ನೋದೆಲ್ಲ ಅದೇ ಡೈರಿಯ ಮುಂದಿನ ಪುಟಗಳು.

"ಎಲ್ಲಾ ಸರಿ, ಪರೀಕ್ಷೆ?" ಅಂತ ನೀವು ಕೇಳ್ತೀರಿ. ಅಪ್ಪನೂ ರಾತ್ರಿ ಅದನ್ನೇ ಕೇಳಿದರು. ಎನ್‌ಐಓಎಸ್ ಅಂದ್ರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 3, 5, 8ನೇ ತರಗತಿಗೆ ಸಮನಾದ ಹಂತಗಳಿವೆ, ಹದಿನಾಲ್ಕು ತುಂಬಿದರೆ ಹತ್ತನೇ ತರಗತಿಗೆ ನೋಂದಾಯಿಸಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಶಾಲೆಯ ಬಗ್ಗೆ ಹೇಳುತ್ತೆ, ಮನೆಯಲ್ಲಿ ಕಲಿಸುವ ಬಗ್ಗೆ ಪ್ರತ್ಯೇಕವಾಗಿ ಏನೂ ಹೇಳುವುದಿಲ್ಲ. ಹಾಗಾಗಿ ಈ ದಾರಿಯಲ್ಲಿ ಹೋಗುವವರು ವಯಸ್ಸು, ದಾಖಲೆ, ನೋಂದಣಿ ದಿನಾಂಕ ಎಲ್ಲ ಮೊದಲೇ ನೋಡಿಟ್ಟುಕೊಳ್ಳಬೇಕು. ಗೆಳತಿಯರ ವಿಷಯ ಇದಕ್ಕಿಂತ ಕಷ್ಟ. ತೋಟದ ಮನೆಯಲ್ಲಿ ಓರಗೆಯ ಮಕ್ಕಳಿಲ್ಲ. ವಾರಕ್ಕೆರಡು ಸಂಜೆ ಪೇಟೆಯಲ್ಲಿ ಡ್ಯಾನ್ಸ್ ಕ್ಲಾಸಿಗೆ ಸೇರಿಸೋದು ಅಂತಾಯಿತು. ಅದು ಸಾಲುತ್ತೋ ಇಲ್ಲವೋ, ದೀಪಾವಳಿ ಹೊತ್ತಿಗೆ ಮತ್ತೆ ಕೂತು ಮಾತಾಡಬೇಕು.

ಅಪ್ಪ ಪೂರ್ತಿ ಒಪ್ಪಿಲ್ಲ. "ಎಂಟನೇ ಕ್ಲಾಸಿಗೆ ಸ್ಕೂಲಿಗೆ ಹೋಗಲೇಬೇಕು," ಅನ್ನೋದು ಅವರ ಷರತ್ತು. ಆದರೆ ಮಂಗಳವಾರ, ಶುಕ್ರವಾರ ಕನ್ನಡ ಪಾಠ ತಮ್ಮದು ಅಂತ ಅವರೇ ಹೇಳಿದರು. ಒಂದು ವರ್ಷದ ಮೇಲೆ ಅಕ್ಕ ಅಪ್ಪನ ಹತ್ತಿರ ಮಗಳ ಓದಿನ ಬಗ್ಗೆ ಅರ್ಧ ಗಂಟೆ ಮಾತಾಡಿದಳು. ನನ್ನ ಲೆಕ್ಕದಲ್ಲಿ ಈ ಪ್ರವಾಸದಲ್ಲಿ ಸಿಕ್ಕಿದ ದೊಡ್ಡ ಲಾಭ ಅದೇ.

ನಿಮ್ಮ ಮಕ್ಕಳು ಸ್ಕೂಲಿಗೆ ಹೋದರೂ ಈ ತಯಾರಿ ಮಾಡಬಹುದು. ಮಗುವಿನ ಮುಂದಿನ ತರಗತಿಯ ಪಠ್ಯಪುಸ್ತಕ ತೆರೆದು, ನಿಮ್ಮ ಊರಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಜಾಗ ಅದರಲ್ಲಿ ಯಾವುದಿದೆ ನೋಡಿ. ಒಂದು ದಿನಕ್ಕೆ ಒಂದೇ ಜಾಗ ಸಾಕು. ಮಂಜರಾಬಾದ್‌ಗೆ ಮೆಟ್ಟಿಲು ಹತ್ತಬೇಕು, ಬೆಳಗ್ಗೆಯೇ ಹೋಗಿ. ಬೇಲೂರಿನಲ್ಲಿ ಮಧ್ಯಾಹ್ನ ನೆಲ ಕಾಯುತ್ತೆ, ಮಕ್ಕಳಿಗೆ ಸಾಕ್ಸ್ ಇರಲಿ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.