ಏಕತಾರಿಯ ಕೋಲು

ಹತಾರದ ಅಂಗಡಿಯಲ್ಲಿ ಅರ್ಧ ತಾಸು ನಿಂತರೆ ಸಾಕು, ಜನ್ಮದಲ್ಲಿ ಒಂದು ಮೊಳೆ ಹೊಡೆಯದವನಿಗೂ ಬಡಿಗನಾಗುವ ಆಸೆ ಹುಟ್ಟುತ್ತದೆ. ಜಹೀರಾಬಾದಿನ ಅಂಥದೊಂದು ಅಂಗಡಿಯಲ್ಲಿ ಬಾಚಿ ಎತ್ತಿ ನೋಡಿದೆ, ರಂದಾ ತಿರುವಿ ನೋಡಿದೆ, ಉಳಿಗಳ ಬಾಯಿಗೆ ಬೆರಳು ಆಡಿಸಿದೆ. ನನಗಿದ್ದ ಕೆಲಸ ಇಷ್ಟೆ: ನಮ್ಮ ಕಾಕಾ ಭಜನೆಗೆ ಹಿಡಿಯುವ ಏಕತಾರಿಗೆ ಹೊಸ ಕೋಲು. ಬುರುಡೆ ಗಟ್ಟಿಯಾಗಿತ್ತು, ಬಿದಿರಿನ ಹಳೆಯ ಕೋಲಿಗೆ ಹುಳ ಬಿದ್ದಿತ್ತು. ಕಿತ್ತುಹಾಕಿದ ಬಾಗಿಲ ಚೌಕಟ್ಟಿನ ಸಾಗವಾನಿ ತುಂಡೊಂದು ಮನೆಯಲ್ಲೇ ಇತ್ತು. ಎಷ್ಟೋ ಬೇಸಿಗೆ ಕಂಡು ಒಣಗಿದ ಕಟ್ಟಿಗೆ. ಇನ್ನು ಸೊಟ್ಟಗಾಗುವ ಭಯವಿಲ್ಲ.

ಕೊಳ್ಳುವ ಮೊದಲು ನಾಗಲಗಿದ್ದದ ಬಡಿಗೇರ ಮಾವನಿಗೆ ಪಟ್ಟಿ ಓದಿ ಹೇಳಿದೆ. "ಇಷ್ಟೆಲ್ಲಾ ತಗೊಂಡು ಬಾಗ್ಲಾ ಮಾಡ್ತೀ ಏನಪಾ?" ಎಂದು ನಕ್ಕರು. "ಕೋಲಿಗಿ ಅರ ಸಾಕು. ಬಾಚಿ ಒಂದೇ ಏಟಿಗಿ ತಿಂತದ. ಅರ ಕೇಳ್ಕೋತ ಕೇಳ್ಕೋತ ತಿಂತದ."

ಮಾತು ನೂರಕ್ಕೆ ನೂರು ನಿಜ. ಉಳಿ, ಚಾಕು ಎರಡೂ ಮರದ ಎಳೆ ಹೋದತ್ತ ಹೋಗುತ್ತವೆ. ಎಳೆ ಒಳಕ್ಕೆ ತಿರುಗಿದಲ್ಲಿ ಬೇಕಾದ ಮರವನ್ನೂ ಸೀಳಿಕೊಂಡು ಹೋಗುತ್ತವೆ. ಅರದ ಹಲ್ಲಿಗೆ ಎಳೆಯ ಹಂಗಿಲ್ಲ, ಅಡ್ಡ ಹಿಡಿದರೂ ಪುಡಿ ಪುಡಿಯಾಗಿಯೇ ತೆಗೆಯುತ್ತದೆ. ರಂದಾ ನೇರ ಹಲಗೆಗೆ ಸರಿ. ಕೋಲಿನ ತಲೆಯ ಹತ್ತಿರ, ಬಿರಡೆ ಕೂಡುವಲ್ಲಿ, ಒಳಕ್ಕೆ ಬಾಗಿದ ಜಾಗಕ್ಕೆ ಅದರ ಹೊಟ್ಟೆ ಮುಟ್ಟುವುದೇ ಇಲ್ಲ. ಒಂದು ಮೈ ಚಪ್ಪಟೆ, ಒಂದು ಮೈ ದುಂಡು ಇರುವ ಅರಕ್ಕೆ ಎರಡೂ ಬರುತ್ತವೆ. ಮುಂದೆ ತಳ್ಳುವಾಗ ಒತ್ತಬೇಕು, ಹಿಂದೆ ತರುವಾಗ ಎತ್ತಬೇಕು. ಅರದ ಗೀರು ಹೋಗಿಸಲು ಒಡೆದ ಗಾಜಿನ ಚೂರು, ಅದನ್ನು ಹಿಡಿಯಲು ದಪ್ಪ ಬಟ್ಟೆ. ಗಾಜಿನ ಅಂಚು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೆರೆಯುತ್ತದೆ. ಮರಳು ಕಾಗದ ಕಡೆಗೆ, ಅದೂ ಸ್ವಲ್ಪ.

ಅಳತೆಗೆ ಪಟ್ಟಿ ಬೇಡ. ಏಕತಾರಿ ಹಿಡಿದ ಕೈಯ ತೋರುಬೆರಳೇ ತಂತಿ ಮೀಟಬೇಕು. ಕೋಲು ದಪ್ಪವಾದರೆ ಬೆರಳು ತಂತಿಗೆ ಎಟುಕದು, ಸಣ್ಣದಾದರೆ ಹಿಡಿತ ಜಾರಿ ಬುರುಡೆ ತಿರುಗುತ್ತದೆ. ಹೀಗಾಗಿ ನಡುನಡುವೆ ಕಾಕಾನ ಕೈಗೆ ಕೊಡುತ್ತಿದ್ದೆ. ಒಕ್ಕಲುತನದ ಕೈ, ದಪ್ಪ ಬೆರಳು. "ಇನ್ನಾ ಜರಾ ತೆಗಿ" ಎನ್ನುವುದು, ಮತ್ತೆ ಕೊಡುವುದು. ಯಾವ ಅಂಗಡಿಯಲ್ಲೂ ಸಿಗದ ಹತಾರ ಆ ಕೈ.

ಈ ಭಾಗದಲ್ಲಿ ಕೋಲು, ಬುರುಡೆ, ತಂತಿಯ ಸಂಸಾರ ಹಳೆಯದು. ಆಂಧ್ರದ ಕಡೆಯಿಂದ 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಬಂದ ಶರಣ ಕಿನ್ನರಿ ಬೊಮ್ಮಯ್ಯ ಮೂಲತಃ ಅಕ್ಕಸಾಲಿಗ ಎನ್ನುತ್ತವೆ ಶರಣರ ಕಥೆಗಳು. ಅರ ಹಿಡಿದು ಬೆಳೆದ ಕೈ ಕಿನ್ನರಿಯೆಂಬ ತಂತಿವಾದ್ಯ ಹಿಡಿಯಿತು ಎಂದುಕೊಳ್ಳುವುದು ನನಗೆ ಇಷ್ಟ. ಅದು ನನ್ನ ಕಲ್ಪನೆ, ಪುರಾಣದ್ದಲ್ಲ. ಮುಂದಿನ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ 'ಸಂಗೀತರತ್ನಾಕರ'ದಲ್ಲಿ ಲಘು ಮತ್ತು ಬೃಹತಿ ಕಿನ್ನರಿಗಳನ್ನು ವರ್ಣಿಸಿದ. ನಾಗರಕರ್ನೂಲ್ ಜಿಲ್ಲೆಯ ದರ್ಶನಂ ಮೊಗುಲಯ್ಯನವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಹನ್ನೆರಡು ಮೆಟ್ಟಿಲಿನ ಕಿನ್ನೆರಕ್ಕಾಗಿ. ಅದರದು ಬಿದಿರಿನ ಕೋಲು; ಮೆಟ್ಟಿಲು ನಿಲ್ಲುವುದು ಮೇಣದ ಮೇಲೆ.

ಹತಾರದ ಮಾತಿಗೆ ಮಿರಜಿನ ಕಥೆ ಇನ್ನೂ ಹತ್ತಿರ. ಅಲ್ಲಿ ಸಿತಾರ್, ತಾನಪುರ ಮಾಡುವ ಮನೆತನಗಳ ಹಿರಿಯರು ಶಿಕಲಗಾರರು, ಕತ್ತಿಗೆ ಸಾಣೆ ಹಿಡಿಯುವವರು. ಕತ್ತಿಗೆ ಗಿರಾಕಿ ಇಲ್ಲವಾದ ಕಾಲಕ್ಕೆ, 19ನೇ ಶತಮಾನದಲ್ಲಿ, ಫರೀದಸಾಹೇಬರಂಥವರು ತಂತಿವಾದ್ಯಕ್ಕೆ ಕೈಹಾಕಿದರು. 2024ರಲ್ಲಿ ಮಿರಜಿನ ಸಿತಾರ್, ತಾನಪುರಗಳಿಗೆ ಜಿಐ ಮಾನ್ಯತೆಯೂ ಸಿಕ್ಕಿತು. ನನಗಿದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಉಳಿಗೆ ಬಾಯಿ ಕೊಡಲು ಬಂದವನಿಗೆ ಅರ್ಧ ವಿದ್ಯೆ ಬಂದಹಾಗೆಯೇ.

ನಮ್ಮ ನಾರಾಯಣಖೇಡ ತಾಲೂಕು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯಲ್ಲಿತ್ತು. ಆಮೇಲೆ ಮೆದಕ್, ಈಗ ಸಂಗಾರೆಡ್ಡಿ. ಜಿಲ್ಲೆ ಬದಲಾದರೂ ಕಾಕಾನ ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನವರ ಕನ್ನಡ ತತ್ವಪದ ಇಲ್ಲದೆ ರಾತ್ರಿ ಮುಗಿಯುವುದಿಲ್ಲ. ಹೊಸ ಕೋಲಿನ ಮೇಲೆ ಅವರದು ಒಂದೇ ತಕರಾರು: "ಬಾಳ ನುಣುಪು ಮಾಡೀದಿ, ಬೆವರಿಗಿ ಜಾರ್ತದ." ಹಿಡಿಯುವ ಜಾಗದಲ್ಲಿ ಸಣ್ಣ ಹಲ್ಲಿನ ಅರವನ್ನು ಮತ್ತೊಮ್ಮೆ ಆಡಿಸಿಕೊಟ್ಟೆ.

ಕೋಲು ಕೆತ್ತುವ ಮನಸ್ಸಿದ್ದವರು ಒಂದು ಅರ್ಧದುಂಡು ಅರ, ಒಂದು ಹರಿತ ಚಾಕು ಕೊಳ್ಳಿ. ಗಾಜಿನ ಚೂರು ಪುಕ್ಕಟೆ. ಉಳಿದ ದುಡ್ಡಿಗೆ ಒಳ್ಳೆಯ ತಂತಿ ತನ್ನಿ.