ಎರಡನೆಯ ಸಿಲಿಂಡರ್

ನವೆಂಬರ್ 6, 2024. ಪುಣೆಯ ಕಾತ್ರಜ, ರಾತ್ರಿ

ಗಾಡಿ ಬಂತು. ಫೋರ್ಸ್ ಟ್ರಾವೆಲರ್. ಸೀಟುಗಳೆಲ್ಲ ಹೋಗಿ ಮೂರು ಹಾಸಿಗೆ, ಅಡುಗೆ ಕಟ್ಟೆ, ಎರಡು ಬರ್ನರಿನ ಒಲೆ. ಸಿಲಿಂಡರಿಗೆ ಹಿಂದುಗಡೆ ಬೇರೆ ಗೂಡು. ಬಾಗಿಲು ಹೊರಗಿನಿಂದ ಮಾತ್ರ. ಗೂಡಿನ ತಳದಲ್ಲಿ ತೂತು ಬಿಟ್ಟಿದ್ದಾರೆ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಇಳಿದು ಹೊರಗೆ ಹೋಗಬೇಕು. ಕೂತು ಬೆರಳು ಹಾಕಿ ನೋಡಿದೆ. ತೂತು ಆರಪಾರ ಇದೆ.

ನಮ್ಮ ಯಜಮಾನರು ಖುಷಿಯಲ್ಲಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ.

ನವೆಂಬರ್ 7, ಬೆಳಗ್ಗೆ

ಮಳೆಗಾಲದಲ್ಲಿ ಬಾಡಿಗೆ ಗಾಡಿಯಲ್ಲಿ ಹೋದಾಗಿನ ಒಂದು ಬೆಳಗು ಮತ್ತೆ ನೆನಪಾಯಿತು. ಅತ್ತಿ, ಇವರ ಅವ್ವ, ಇನ್ಸುಲಿನ್ ತೊಗೊಂಡಿದ್ದರು. ಅರ್ಧ ತಾಸಿನೊಳಗೆ ತಿನ್ನಬೇಕು. ಉಪ್ಪಿಟ್ಟಿನ ಎಸರು ಕುದಿಯುವ ಮೊದಲೇ ಒಲೆ ಆರಿತು. ಹೊರಗೆ ಕತ್ತಲೆ, ಜಡಿಮಳೆ. ಇವರು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಎರಡನೆಯ ಸಿಲಿಂಡರ್ ಎಳೆಯುತ್ತಿದ್ದರು. ಅತ್ತಿಯ ಹಣೆ ಬೆವೆತು, ಕೈ ನಡುಗತೊಡಗಿತು. ಸಕ್ಕರೆ ನೀರು ಕುಡಿಸಿದೆ. ತಡೆಯಿತು.

ಗಾಡಿ ಕೊಳ್ಳುವ ಮಾತು ಬಂದಾಗ ನಾನು ಕೇಳಿದ್ದು ಒಂದನ್ನೇ. ಒಂದು ಸಿಲಿಂಡರ್ ಮುಗಿದರೆ ಇನ್ನೊಂದು ತಾನಾಗಿ ಶುರುವಾಗಬೇಕು.

ನವೆಂಬರ್ 9, ಸಂಜೆ

ಮಿಸ್ತ್ರಿ ಬಂದು ಚೇಂಜೋವರ್ ಕೂರಿಸಿದ. ಎರಡು ಕಡೆಯಿಂದ ಎರಡು ಪೈಪು, ನಡುವೆ ಹಿತ್ತಾಳೆಯ ಗಂಟು, ಒಂದು ಗುಬುಟು, ಒಂದು ಪುಟ್ಟ ಕಿಟಕಿ. ಗುಬುಟು ಯಾವ ಕಡೆ ತಿರುಗಿದೆಯೋ ಆ ಸಿಲಿಂಡರ್ ಮೊದಲು. ಅದರ ಒತ್ತಡ ಒಂದು ಮಟ್ಟಕ್ಕಿಂತ ಇಳಿದರೆ ಇನ್ನೊಂದು ತೆರೆದುಕೊಳ್ಳುತ್ತದೆ, ಕಿಟಕಿ ಹಸಿರಿನಿಂದ ಕೆಂಪಾಗುತ್ತದೆ. ಕರೆಂಟ್ ಬೇಡ. ಒಳಗೆ ಸ್ಪ್ರಿಂಗು, ರಬ್ಬರಿನ ಪೊರೆ, ಅಷ್ಟೆ.

ಮನೆಯ ರೆಗ್ಯುಲೇಟರನ್ನೇ ಸಿಲಿಂಡರ್ ಮೇಲೆ ಹಾಕಿದರಾಗದೇ ಎಂದು ಇವರು ಕೇಳಿದರು. ಆಗದು ಅಂದ. ಅದು ಒತ್ತಡವನ್ನು ಅಲ್ಲೇ ಒಲೆಯ ಮಟ್ಟಕ್ಕೆ, ಸುಮಾರು 30 ಮಿಲಿಬಾರಿಗೆ, ಇಳಿಸಿಬಿಡುತ್ತದೆ. ಆಮೇಲೆ ಈ ಗಂಟಿಗೆ ತುಂಬಿದ್ದು ಯಾವುದು, ಬರಿದಾದದ್ದು ಯಾವುದು ತಿಳಿಯುವುದಿಲ್ಲ. ಒತ್ತಡ ಇಳಿಸದ ಅಡಾಪ್ಟರ್ ಹಾಕಿದ. ಸೋಪಿನ ನೀರು ಸವರಿ ಪ್ರತಿ ನಟ್ಟು ನೋಡಿದೆವು. ಎಲ್ಲೂ ಗುಳ್ಳೆ ಏಳಲಿಲ್ಲ.

ನವೆಂಬರ್ 10

ಪೆಟ್ರೋಲ್ ಪಂಪಿನಲ್ಲಿ ಎರಡು ಛೋಟು ಸಿಲಿಂಡರ್ ತಂದೆವು, 5 ಕಿಲೋದ್ದು. ವಿಳಾಸದ ಪುರಾವೆ ಕೇಳುವುದಿಲ್ಲ, ಗುರುತಿನ ಚೀಟಿ ಸಾಕು. ಕೊರಳಪಟ್ಟಿಯ ಮೇಲೆ ಬಿ–27. ಅಂದರೆ 2027ರ ಜೂನ್ ತನಕ ತಪಾಸಣೆಯ ಅವಧಿ ಇದೆ.

ದಾರಿಯಲ್ಲಿ ಒಬ್ಬ ಹುಡುಗ, ದೊಡ್ಡ ಸಿಲಿಂಡರಿನಿಂದ ಅರ್ಧ ರೇಟಿಗೆ ತುಂಬಿಕೊಡುತ್ತೇನೆ ಅಂದ. 2022ರ ಮಾರ್ಚ್ ಕೊನೆಯಲ್ಲಿ ಇದೇ ಕಾತ್ರಜದಲ್ಲಿ ಸಿಲಿಂಡರುಗಳು ಒಂದರ ಹಿಂದೊಂದು ಸಿಡಿದವು. ಆ ಹುಡುಗನಿಗೂ ಅದು ಗೊತ್ತಿರಬೇಕು. ಇಪ್ಪತ್ತು ದಾಟಿರಲಿಕ್ಕಿಲ್ಲ. ಬೇಡ ಅಂದು ಬಂದೆ. ಇನ್ನೇನಾದರೂ ಹೇಳಬೇಕಿತ್ತೇ?

ನವೆಂಬರ್ 20, ರಾತ್ರಿ 11

ಹೊಸ ಕಾತ್ರಜ ಸುರಂಗ ದಾಟಿ ನವಲೆ ಬ್ರಿಜ್ ಕಡೆಗೆ ಇಳಿದೆವು. ಎರಡು ವರ್ಷದ ಹಿಂದೆ ಇದೇ ದಿನ ರಾತ್ರಿ ಈ ಇಳಿಜಾರಿನಲ್ಲಿ ಒಂದು ಟ್ರಕ್ಕು ಹತ್ತಾರು ವಾಹನಗಳಿಗೆ ಬಡಿದಿತ್ತು. ಹೊರಡುವ ಮುಂಚೆ ಎರಡೂ ಸಿಲಿಂಡರ್ ನಾನೇ ಬಂದ್ ಮಾಡಿದ್ದೆ.

ಇವರಿಗೆ ಬೇಸರ. ಜರ್ಮನಿಯ ಟ್ರೂಮಾದಂಥ ಕಂಪನಿಗಳು ಗುದ್ದಿದರೆ ತಾನೇ ಮುಚ್ಚಿಕೊಳ್ಳುವ ಚೇಂಜೋವರ್ ಮಾಡುತ್ತವೆ, ಅಲ್ಲಿಯವರು ಗ್ಯಾಸ್ ತೆರೆದೇ ಓಡಿಸುತ್ತಾರೆ, ನಾವೂ ಅದನ್ನೇ ತರಿಸೋಣ ಅಂತಾರೆ. ಅಲ್ಲಿ ಹಿಮ ಬೀಳುತ್ತದೆ, ಓಡುವಾಗಲೂ ಹೀಟರ್ ಬೇಕು. ನಮಗೇನು ಬೇಕು? ಓಡುವ ಗಾಡಿಯಲ್ಲಿ ನಾನು ಅಡುಗೆ ಮಾಡುವುದಿಲ್ಲ.

ಡಿಸೆಂಬರ್ 3. ಪಂಚಗಣಿ, ಬೆಳಗ್ಗೆ 6.20

ಕಿಟಕಿ ಕೆಂಪು. ಒಲೆ ಮಾತ್ರ ನೀಲಿಯಾಗಿ ಉರಿಯುತ್ತಿದೆ. ಅತ್ತಿಯವರಿಗೆ ಹೊತ್ತಿಗೆ ಸರಿಯಾಗಿ ಉಪ್ಪಿಟ್ಟು. ಇಂಥ ನೆಮ್ಮದಿ ಎಷ್ಟೋ ದಿನಕ್ಕೆ.

ಮಧ್ಯಾಹ್ನ 2

ಕಿಟಕಿ ಮತ್ತೆ ಹಸಿರು! ಕೆಟ್ಟಿತೇ? ಲಗೇಜಿನ ಕೊಕ್ಕೆ ತಕ್ಕಡಿಗೆ ಮೊದಲ ಸಿಲಿಂಡರ್ ತೂಗುಹಾಕಿ, ಅದರ ಮೇಲೆ ಬರೆದ ಖಾಲಿ ತೂಕ ಕಳೆದೆ. ಇನ್ನೂ ಒಂದು ಕಿಲೋ ಚಿಲ್ಲರೆ ಗ್ಯಾಸ್ ಇದೆ.

ಡಿಸೆಂಬರ್ 5. ಕಾತ್ರಜ

ಕೆಟ್ಟಿಲ್ಲ. ಇವರು ಓದಿ ಹೇಳಿದರು. ನಮ್ಮ ಗ್ಯಾಸಿನಲ್ಲಿ ಮುಖ್ಯವಾಗಿ ಎರಡು ಬೆರೆತಿವೆ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ, ಬ್ಯೂಟೇನ್ ಸೊನ್ನೆಯ ಹತ್ತಿರ. ಪ್ರೊಪೇನ್ ಬೇಗ ಹೋಗುತ್ತದೆ, ತಳದಲ್ಲಿ ಹೆಚ್ಚು ಉಳಿಯುವುದು ಬ್ಯೂಟೇನ್. ಚಳಿಯ ಬೆಳಗಿನಲ್ಲಿ ಅದಕ್ಕೆ ಒತ್ತಡ ಸಾಲದು. ಚೇಂಜೋವರ್ ಎರಡನೆಯದನ್ನು ತೆರೆಯುತ್ತದೆ. ಬಿಸಿಲೇರಿದರೆ ಮೊದಲನೆಯದಕ್ಕೆ ಮತ್ತೆ ಜೀವ.

ಅಂದರೆ ಅದು ನೋಡುವುದು ಒತ್ತಡವನ್ನು. ಎಷ್ಟು ಉಳಿದಿದೆ ಅನ್ನುವುದು ಅದಕ್ಕೂ ಗೊತ್ತಿಲ್ಲ. ತೂಕವೊಂದೇ ನಿಜ.

ಡಿಸೆಂಬರ್ 15

ಗೂಡು ತೆರೆದರೆ ಕೆಂಪು. ಮೊದಲನೆಯದು ತೂಗಿದೆ, ಪೂರ್ತಿ ಖಾಲಿ. ಎರಡನೆಯದರಲ್ಲಿ ಅರ್ಧವೂ ಇಲ್ಲ. ಯಾವತ್ತು ಬದಲಾಯಿತು? ಯಾರಿಗೂ ಗೊತ್ತಾಗಿಲ್ಲ. ಒಲೆ ಮಿಣುಕಲಿಲ್ಲ, ಹಾಲು ಉಕ್ಕುವುದು ತಡವಾಗಲಿಲ್ಲ. ಹಿಂದೆ ಒಲೆ ಆರಿ ತೊಂದರೆ ಕೊಡುತ್ತಿತ್ತು. ಜೊತೆಗೆ ಸುದ್ದಿಯನ್ನೂ ಕೊಡುತ್ತಿತ್ತು.

“ಅದಕ್ಕೇ ತಾನೆ ತಂದದ್ದು?” ಅಂತಾರೆ ಇವರು. ಗಾಡಿಯೊಳಗೇ ದೀಪ ಹತ್ತುವಂತೆ ವೈರ್ ಎಳೆಸುತ್ತಾರಂತೆ. ಎಳೆಸಲಿ. ನಾನು ದಿನಾ ಸಂಜೆ ತೂಗುತ್ತೇನೆ.

ಡಿಸೆಂಬರ್ 29, ರಾತ್ರಿ

ಅತ್ತಿ ಮಲಗುವ ಮುಂಚೆ ಅಂದರು: “ಇಷ್ಟೆಲ್ಲಾ ಯಾಕವಾ? ಉಪ್ಪಿಟ್ಟು ತಾಟಿಗೆ ಬಂದಮ್ಯಾಲ ಸೂಜಿ ಚುಚ್ಚು. ಆಮ್ಯಾಲ ಡಾಕ್ಟರ್ ಹೇಳಿದಷ್ಟು ಹೊತ್ತು ತಾಟು ಮುಚ್ಚಿಟ್ಟರಾತು.”

ಹೌದಲ್ಲ. ಅಡುಗೆ ಮೊದಲು, ಸೂಜಿ ಆಮೇಲೆ. ಒಲೆ ಆರಿದರೂ ಅಪಾಯವಿಲ್ಲ. ಇದಕ್ಕೆ ಯಾವ ಯಂತ್ರವೂ ಬೇಡ.

ಹಾಗಾದರೆ ಇದನ್ನು ಹಾಕಿಸಿದ್ದು ಅತ್ತಿಗಾಗಿಯೋ, ಆ ಬೆಳಗಿನ ನನ್ನ ಹೆದರಿಕೆಗಾಗಿಯೋ? ಎರಡಕ್ಕೂ ಇರಬಹುದು. ತೆಗೆಸುವ ಮನಸ್ಸಂತೂ ಇಲ್ಲ.

ಜನವರಿ 11, 2025. ಸಂಜೆ

ಸಂಕ್ರಾಂತಿಗೆ ಧಾರವಾಡಕ್ಕೆ ಹೋಗಬೇಕು. ಸಾತಾರಾ, ಕೊಲ್ಹಾಪುರ, ಬೆಳಗಾವಿ, ಅದೇ ದಾರಿ. ಅತ್ತಿ ಎಳ್ಳುಬೆಲ್ಲದ ಡಬ್ಬಿ ಕಟ್ಟಿ ಇಟ್ಟಿದ್ದಾರೆ. ಒಂದು ಸಿಲಿಂಡರ್ ತುಂಬಿದೆ, ಇನ್ನೊಂದು ಖಾಲಿ. ಪಂಪಿನಲ್ಲಿ ಛೋಟು ಇಲ್ಲ, ನಾಳೆ ಬರಬಹುದು ಅಂದರು.

ಇವರ ಮಾತು: ತುಂಬಿದ್ದೊಂದಿದೆ, ದಾರಿಗೆ ಧಾರಾಳ ಸಾಕು, ಬೆಳಗ್ಗೆ ಐದಕ್ಕೆ ಹೊರಡೋಣ. ಲೆಕ್ಕ ಸರಿಯೇ. ಆದರೆ ಒಂದೇ ಸಿಲಿಂಡರಿಗೆ ಚೇಂಜೋವರ್ ಇದ್ದೇನು, ಬಿಟ್ಟೇನು? ಎರಡನೆಯದು ಸಿಗುವವರೆಗೆ ಹೊರಡುವುದಿಲ್ಲ ಅಂದೆ. ಇವರು ಮಾತು ಬಿಟ್ಟಿದ್ದಾರೆ. ನಾಳೆ ಪಂಪ್ ತೆರೆಯುವ ಹೊತ್ತಿಗೆ ನಾನೇ ಹೋಗುತ್ತೇನೆ. ಅಲ್ಲಿ ಇಲ್ಲದಿದ್ದರೆ ಕೊಂಢವಾ ಕಡೆ ಕೇಳುತ್ತೇನೆ.